ಹೋಗಿ ಬರುವ ಟಿಕೇಟು

ತಾಲಿನ್‌ನಲ್ಲಿ ನವೆಂಬರಿನ ಮಧ್ಯಾಹ್ನ
ಮೂರೂವರೆಗೇ ದೀಪ ಹಚ್ಚುತ್ತಾರೆ.
ಹಳೆಯ ಹತ್ತಿ ಗಿರಣಿಯ ಮೂರನೇ ಮಹಡಿಯಲ್ಲಿ
ಲೀವಿಕಾ ಎಂಬಾಕೆ ಮೌನ ಕತ್ತರಿಸುತ್ತಾಳೆ.
ಸಂಬಳಕ್ಕೆ.

ದ್ವೀಪಗಳ ಹಡಗಿಗೆ ಟಿಕೇಟು ಬೇಕೆಂದರೆ
ಈಗ ಫೋನೆತ್ತುವುದು ಮನುಷ್ಯರಲ್ಲ.
ಎತ್ತುವ ದನಿಗೆ ನೆಗಡಿಯಿಲ್ಲ, ಊಟದ ಬಿಡುವಿಲ್ಲ,
ಇದ್ದ ಐಬು ಒಂದೇ:
ಉತ್ತರಕ್ಕೆ ಒಂದೂಕಾಲು ಸೆಕೆಂಡು.
'ಅಷ್ಟರಲ್ಲಿ ಜನ ಹಲೋ ಹಲೋ ಅಂತಾರೆ' ಎಂದ ತಾವೆಟ್,
'ಬಾವಿಯೊಳಗೆ ಕೂಗಿದ ಹಾಗೆ.'

ಸಮಯ ಎಲ್ಲೆಲ್ಲಿ ಸೋರುತ್ತಿದೆಯೆಂದು ಹುಡುಕಿದಳು.
ಫ್ರಾಂಕ್‌ಫರ್ಟಿಗೆ ಅಲೆಯುತ್ತಿದ್ದ ಪ್ರಶ್ನೆಯನ್ನು
ಪಕ್ಕದ ಬೀದಿಯ ಯಂತ್ರಕ್ಕೆ ತಿರುಗಿಸಿದಳು,
ನಲವತ್ತು ಮಿಲಿಸೆಕೆಂಡು ಉಳಿಯಿತು.
ದೊಡ್ಡ ಮಾಡೆಲ್ಲನ್ನು ಕೂರಿಸಿ ಸಣ್ಣದನ್ನು ಓಡಿಸಿದಳು,
ಇನ್ನೂರ ಐವತ್ತು.
ಪದೇ ಪದೇ ಬೇಕಾಗುವ ಉತ್ತರಗಳನ್ನು ಕ್ಯಾಶಿನಲ್ಲಿಟ್ಟಳು;
ದುಡ್ಡಲ್ಲ ಇದು, ಕೈಗೆಟಕುವ ನಾಗಂದಿಗೆ,
ನಾಳೆಯ ಮಾತನ್ನು ನಿನ್ನೆಯೇ ಹುರಿದಿಟ್ಟ ಡಬ್ಬಿ.
ನೂರ ಐವತ್ತು.

ಕೊನೆಗೆ ಉಳಿದದ್ದು ಯಂತ್ರದ ಹೊತ್ತೇ ಅಲ್ಲ.
ಕರೆದವರ ಮಾತು ಮುಗಿಯಿತೋ ಇಲ್ಲವೋ ಎಂದು
ದನಿ ಸುಮ್ಮನೆ ಕಾಯುವ ಹೊತ್ತು: ಏಳುನೂರು.
ಅದನ್ನು ಇನ್ನೂರಕ್ಕಿಳಿಸಿದಳು.
ಪರದೆಯಲ್ಲಿ ಮುನ್ನೂರ ಹತ್ತು.
ತಾವೆಟ್ ಏಲಕ್ಕಿ ಹಾಕಿದ ಬನ್ನು ತಂದು ಎಲ್ಲರಿಗೂ ಹಂಚಿದ.

ಸೋಮವಾರ ದಾಖಲೆ ಕೇಳುವ ದಿನ.
ಹಿಯುಮಾ ದ್ವೀಪದ ಹಿಲ್ಯಾ, ಕಾಯಂ ಗಿರಾಕಿ.
ಆರು ವರ್ಷದಿಂದ ಗುರುವಾರ ಹೋಗಿ ಭಾನುವಾರ ಮರಳುವವಳು.
(ಅವರ ಭಾಷೆಯಲ್ಲಿ ಆ ಹೆಸರಿಗೆ
'ತಡವಾಗಿ' ಎಂಬರ್ಥವೂ ಇದೆಯಂತೆ.)

'ಗುರುವಾರದ್ದು. ಒಬ್ಬಳಿಗೆ. ಹೋಗು…'

ಅಲ್ಲೊಂದು ಉಸಿರು.
ಹಿಂದೆ ಯಾರೋ ಒಲೆಗೆ ಕಟ್ಟಿಗೆ ತುರುಕುವ ಸದ್ದು.

'ಹೋಗಿ ಬರುವುದು, ಎಂದಿನಂತೆ.
ಭಾನುವಾರ ಸಂಜೆ ಐದೂವರೆಯ ಹಡಗು. ಸರಿಯೇ?'

ಒಂದು ಸೆಕೆಂಡು. ಎರಡು.
'…ಆಗಲಿ.'

ಪಟ್ಟಿಯಲ್ಲಿ ಹಸಿರು ಚುಕ್ಕೆ ಬಿತ್ತು. ಯಶಸ್ವಿ ಕರೆ.

ಲೀವಿಕಾ ಅದನ್ನೇ ಹನ್ನೊಂದು ಸಲ ಕೇಳಿದಳು.
ಹೋಗು, ಆದಮೇಲೆ ಏನಿತ್ತು?
ಹೋಗುವಾಗ ಕಿಟಕಿಯ ಪಕ್ಕ?
ಹೋಗುವ ಹಡಗು ಎಷ್ಟಕ್ಕೆ?
ಹೋಗುವುದಷ್ಟೇ?
ಅವಳಾಡಿದ ತುಂಡು ಎಸ್ಟೋನಿಯನ್ನಿನದು,
ಇಲ್ಲಿ ಕನ್ನಡಕ್ಕೆ ಇಳಿಸಿದವನು ನಾನು.
ನನ್ನ ಭಾಷೆಯಲ್ಲಿ ಹೊಸಿಲ ಮೇಲೆ ನಿಂತು
ಹೋಗ್ತೀನಿ ಅನ್ನುವಂತಿಲ್ಲ.
ಬಿಡ್ತು ಅನ್ನು, ಹೋಗಿ ಬರ್ತೀನಿ ಅನ್ನು
ಎಂದು ತಿದ್ದುವವರು ಯಾರಾದರೂ ಇರುತ್ತಾರೆ,
ಕೈ ಹಿಡಿದುಕೊಂಡು.
ಹಿಲ್ಯಾಳನ್ನು ತಿದ್ದಿದ್ದು
ಮುನ್ನೂರು ಗುರುವಾರಗಳ ಸರಾಸರಿ.

ಏನೂ ಇಲ್ಲದಿರಬಹುದು. ಬರೀ ಕೆಮ್ಮು ತಡೆದಿರಬಹುದು.
ತಾಳಿದವನು ಬಾಳಿಯಾನು ಎಂಬ ಗಾದೆ
ಆ ಮಹಡಿಯಲ್ಲಿ ಯಾರಿಗೂ ಗೊತ್ತಿಲ್ಲ.
ಎಲ್ಲರೂ ಹೊರಟ ಮೇಲೆ, ಯಾರನ್ನೂ ಕೇಳದೆ,
ನಾಗಂದಿಗೆಯಿಂದ 'ಎಂದಿನಂತೆ' ಎಂಬ ಡಬ್ಬಿ ಇಳಿಸಿದಳು.
ಆ ಒಂದು ಪ್ರಶ್ನೆಯ ಬಳಿ ಮಾತ್ರ
ಇನ್ನೂರನ್ನು ಅಳಿಸಿ ಒಂಬೈನೂರು ಎಂದು ಬರೆದಳು.

ಬೆಳಿಗ್ಗೆ ತಾವೆಟ್ ಚಮಚದಿಂದ ಪರದೆ ಮುಟ್ಟಿ ತೋರಿಸಿದ:
'ಇದೇನು ಈ ಗೂನು?'

ಅವಳು ಉತ್ತರಿಸಲಿಲ್ಲ.
ಕೆಳಗೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿ ನೇರವಾಯಿತು.
ಬಿಸಿನೀರಿನ ಕೊಳವೆ ಎರಡು ಸಲ ಲೊಚಗುಟ್ಟಿತು.
ಇವನೂ ಹಲೋ ಅನ್ನಲಿಲ್ಲ.
ಮಾತಿನ ನಡುವೆ ಸುಮ್ಮನಿರುವುದು
ಆ ಊರಿನವರಿಗೆ ಹೊಸದೇನಲ್ಲ,
ಮರೆತಿದ್ದರು ಅಷ್ಟೆ.
ಚಮಚವನ್ನು ಕಪ್ಪಿಗೆ ಹಾಕಿ ತಿರುವುತ್ತ
ತನ್ನ ಮೇಜಿಗೆ ಹೋದ.

ಹಿಲ್ಯಾ ಫೋನು ಮಾಡುವುದು ಮಂಗಳವಾರ.
ಇವತ್ತು ಮಂಗಳವಾರ.